ಸೋತವರಿಗೆ ತೋರಿಸಲು ಏನಿದೆ?

ಮತಯಂತ್ರದ ಲೆಕ್ಕವನ್ನು ಹೇಗೆ ನಂಬುವುದು ಎಂಬ ಮಾತನ್ನು 4096 ಎಂಬ ಸಂಖ್ಯೆಯಿಂದ ಶುರು ಮಾಡುತ್ತೇನೆ. ಕಂಪ್ಯೂಟರಿನೊಂದಿಗೆ ಏಗಿದವರಿಗೆ ಇದನ್ನು ಕಂಡ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಉಳಿದವರು ಸ್ವಲ್ಪ ತಾಳಿಕೊಳ್ಳಿ.

2003ರ ಮೇ 18ರಂದು ಬೆಲ್ಜಿಯಂನಲ್ಲಿ ಸಂಸತ್ ಚುನಾವಣೆ ನಡೆಯಿತು. ಬ್ರಸೆಲ್ಸ್‌ಗೆ ಸೇರಿದ ಸ್ಕಾರ್‌ಬೇಕ್ ಎಂಬಲ್ಲಿ ಚುನಾವಣೆಗೆ ನಿಂತ ಸಣ್ಣ ಗುಂಪೊಂದರ ಅಭ್ಯರ್ಥಿಗೆ ಬಂದ ಮತಗಳನ್ನು ನೋಡಿ ಎಣಿಕೆಯವರು ತಬ್ಬಿಬ್ಬಾದರು. ಆಕೆಗೆ ಎಷ್ಟು ಮತ ಬರಲು ಸಾಧ್ಯವಿತ್ತೋ ಅದಕ್ಕಿಂತಲೂ ಹೆಚ್ಚು ಬಂದಿದ್ದವು. ಅಲ್ಲಿನ ವ್ಯವಸ್ಥೆಯಲ್ಲಿ ಮತದಾರರು ಪರದೆಯ ಮೇಲೆ ಮಾಡಿದ ಆಯ್ಕೆ ಒಂದು ಮ್ಯಾಗ್ನೆಟಿಕ್ ಕಾರ್ಡಿನಲ್ಲಿ ದಾಖಲಾಗಿ, ಆ ಕಾರ್ಡು ಪೆಟ್ಟಿಗೆ ಸೇರುತ್ತಿತ್ತು. ಕಾರ್ಡುಗಳನ್ನು ಹೊರತೆಗೆದು ಮತ್ತೊಮ್ಮೆ ಓದಿಸಿದರು. ಈಕೆಯ ಲೆಕ್ಕ ಮೊದಲಿಗಿಂತ ಸರಿಯಾಗಿ 4096 ಕಡಿಮೆಯಾಯಿತು.

ಯಂತ್ರ ಯಾವ ಸಂಖ್ಯೆಯನ್ನಾದರೂ ಸೊನ್ನೆ ಮತ್ತು ಒಂದರಲ್ಲೇ ಬರೆದಿಟ್ಟುಕೊಳ್ಳುತ್ತದೆ. ಬಲಗಡೆಯ ಮೊದಲ ಮನೆಗೆ ಬೆಲೆ 1, ಅದರ ಪಕ್ಕಕ್ಕೆ 2, ಆಮೇಲೆ 4, 8, 16. ಹೀಗೆ ದುಪ್ಪಟ್ಟಾಗುತ್ತ ಹೋದರೆ ಹದಿಮೂರನೆಯ ಮನೆಯ ಬೆಲೆ 4096. ಆ ಒಂದು ಮನೆಯಲ್ಲಿದ್ದ ಸೊನ್ನೆ ಒಂದಾಗಿತ್ತು, ಅಷ್ಟೇ. ತಜ್ಞರು ಪ್ರೋಗ್ರಾಂ ಜಾಲಾಡಿದರು, ದೋಷ ಸಿಗಲಿಲ್ಲ. ಮೆಮೊರಿಯ ಒಂದು ಬಿಟ್, ಅಂದರೆ ಇಂಥ ಒಂದು ಮನೆ, ತಾನೇ ತಾನಾಗಿ ಮಗುಚಿಕೊಂಡಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಆಕಾಶದಿಂದ ಬಂದ ವಿಶ್ವಕಿರಣವೊಂದು ಬಡಿದು ಹೀಗಾಯಿತು ಎಂಬ ಮಾತೂ ಇದೆ. ಅದು ಯಾರೂ ಸಾಬೀತು ಮಾಡದ ಊಹೆ. ಕೇಳಲು ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಟ್ಟೆ.

ಇಲ್ಲಿ ಯಾವ ಕಳ್ಳನೂ ಇಲ್ಲ ಎಂಬುದನ್ನು ಗಮನಿಸಿ. ಅದೇ ಬಿಟ್ ಎರಡು ಮನೆ ಈಚೆಗೆ, 1024ರ ಮನೆಯಲ್ಲಿ, ಯಾವುದಾದರೂ ದೊಡ್ಡ ಪಕ್ಷದ ಅಭ್ಯರ್ಥಿಯ ಲೆಕ್ಕದಲ್ಲಿ ಮಗುಚಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊತ್ತ ಅಸಂಭವವಾಗಿದ್ದುದರಿಂದ ಅನುಮಾನ ಹುಟ್ಟಿತು. ಪೆಟ್ಟಿಗೆಯಲ್ಲಿ ಕಾರ್ಡುಗಳಿದ್ದುದರಿಂದ ಅನುಮಾನ ಬಗೆಹರಿಯಿತು. ಎರಡನೆಯದು ಇಲ್ಲದ ಯಂತ್ರವೂ ಉಂಟು. ಅದನ್ನು ಇನ್ನೊಮ್ಮೆ ಎಣಿಸಿ ಎಂದರೆ, ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತದೆ.

ನಾನು ಪ್ರೋಗ್ರಾಂ ಬರೆದು ಹೊಟ್ಟೆ ಹೊರೆದವನು, ಆದ್ದರಿಂದ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ, ಭಕ್ತಿಯೂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೋದಾಮಿನ ಚೀಲಗಳನ್ನು ಎಣಿಸುವ ಪ್ರೋಗ್ರಾಂ ಬರೆದಿದ್ದೆ. ತಿಂಗಳುಗಟ್ಟಲೆ ಪರೀಕ್ಷಿಸಿದ್ದೆವು, ಎಲ್ಲವೂ ಸರಿ. ಒಂದು ದಿನ ಲೆಕ್ಕ 32,767 ದಾಟಿತು. ಮರುಕ್ಷಣ ಪರದೆಯ ಮೇಲೆ ಮೈನಸ್ 32,768! ನಮ್ಮ ಮೇಲಧಿಕಾರಿ ಕನ್ನಡಕ ತೆಗೆದು ಕೇಳಿದರು, “ಮೈನಸ್ ಚೀಲ ಎಂದರೇನು ಮಾರಾಯರೇ?” ಆ ಲೆಕ್ಕಕ್ಕೆ ಕೊಟ್ಟಿದ್ದ ಹದಿನಾರು ಮನೆಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767, ಅದನ್ನು ದಾಟಿದರೆ ಮೈನಸ್ಸಿಗೆ ಮಗುಚುತ್ತದೆ. ಪರೀಕ್ಷೆಯಲ್ಲಿ ನಾವು ಅಷ್ಟು ದೂರ ಹೋಗಿಯೇ ಇರಲಿಲ್ಲ. ಗೋದಾಮಿಗೆ ಹೋಗಿ ಚೀಲ ಎಣಿಸಿ ಬಂದೆವು, ಮುಗಿಯಿತು. ಚೀಲಗಳು ಅಲ್ಲೇ ಇದ್ದವಲ್ಲ.

ಈಗ ಸಾಮಾನ್ಯವಾಗಿ ಬರುವ ಪ್ರಶ್ನೆ. ಮೊಬೈಲಿನಲ್ಲಿ ಹಣ ಕಳಿಸುತ್ತೇವೆ, ಬ್ಯಾಂಕು ನಂಬುತ್ತೇವೆ, ಮತಕ್ಕೇಕೆ ಇಷ್ಟು ಗಲಾಟೆ? ಬ್ಯಾಂಕಿನಲ್ಲಿ ಪ್ರತಿಯೊಂದು ವ್ಯವಹಾರದ ಮೇಲೂ ನಿಮ್ಮ ಹೆಸರಿದೆ. ಖಾತೆಯಿಂದ ಹಣ ತಪ್ಪಿ ಹೋದರೆ ಪಾಸ್‌ಬುಕ್ ತೆರೆದು ಬೆರಳಿಟ್ಟು ತೋರಿಸುತ್ತೀರಿ, ಬ್ಯಾಂಕಿನವರು ಹುಡುಕಿ ಸರಿಪಡಿಸುತ್ತಾರೆ. ಮತದ ಮೇಲೆ ಹೆಸರಿರುವಂತಿಲ್ಲ. ನೀವು ಯಾರಿಗೆ ಹಾಕಿದಿರಿ ಎಂದು ಬೇರೆಯವರಿಗೆ ಗೊತ್ತಾಗಬಾರದು ಎಂಬುದಷ್ಟೇ ಅಲ್ಲ, ನೀವು ಇಷ್ಟಪಟ್ಟರೂ ಅದನ್ನು ಸಾಬೀತು ಮಾಡಲು ಆಗಬಾರದು. ಸಾಬೀತು ಮಾಡಬಲ್ಲ ಮತವನ್ನು ಮಾರಬಹುದು, ಬೆದರಿಸಿ ಕಿತ್ತುಕೊಳ್ಳಲೂಬಹುದು. ಹಾಗಾಗಿ ರಸೀದಿ ಕೊಡುವಂತಿಲ್ಲ. ರಸೀದಿಯೂ ಇಲ್ಲದೆ, ಹೆಸರೂ ಇಲ್ಲದೆ, ಕೋಟಿಗಟ್ಟಲೆ ಜನರ ಲೆಕ್ಕ ಸರಿಯಿದೆ ಎಂದು ತೋರಿಸಬೇಕು. ಬ್ಯಾಂಕಿನ ಯಾವ ಎಂಜಿನಿಯರಿಗೂ ಇಂಥ ಕೆಲಸ ಒಪ್ಪಿಸಿಲ್ಲ.

ಎಸ್ಟೋನಿಯಾ 2005ರಿಂದಲೂ ಇಂಟರ್‌ನೆಟ್ ಮೂಲಕ ಮತ ಹಾಕಿಸುತ್ತಿದೆ. 2023ರ ಸಂಸತ್ ಚುನಾವಣೆಯಲ್ಲಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಹಾಗೆಯೇ ಬಂದವು. ಒತ್ತಾಯದ ಸಮಸ್ಯೆಗೆ ಅವರ ಉಪಾಯ ಇದು: ಎಷ್ಟು ಸಲ ಬೇಕಾದರೂ ಮತ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಅದೇ ಅಂತಿಮ. ಜಾಣತನದ ಉಪಾಯವೇ. ಆದರೆ ನಿಮ್ಮ ಮನೆಯ ಕಂಪ್ಯೂಟರಿನೊಳಗೆ ಯಾರು ಕೂತಿದ್ದಾರೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನೆದರ್‌ಲೆಂಡ್ಸ್‌ನ ಪ್ರಸಂಗ ನನಗೆ ಬಲು ಇಷ್ಟ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಲ್ಲಿ ಬಹುತೇಕ ಎಲ್ಲ ಕಡೆ ನೆಡಾಪ್ ಎಂಬ ಕಂಪನಿಯ ಮತಯಂತ್ರಗಳಿದ್ದವು. ಇದು ಕಂಪ್ಯೂಟರೇ ಅಲ್ಲ, ಮತ ಎಣಿಸುವುದಕ್ಕೆಂದೇ ಮಾಡಿದ ಸಾಧನ, ಬೇರೇನೂ ಮಾಡಲಾರದು ಎಂಬುದು ಅದರ ಪರವಾಗಿದ್ದವರ ವಾದ. ಇದು ಚದುರಂಗ ಆಡುವುದನ್ನು ತೋರಿಸಿ ನೋಡೋಣ ಎಂಬ ಸವಾಲೂ ಬಂತು. 2006ರಲ್ಲಿ ರಾಪ್ ಗೊಂಗ್ರೈಪ್ ಮತ್ತು ಗೆಳೆಯರು ಒಂದು ಯಂತ್ರ ಸಂಪಾದಿಸಿ ಬಿಚ್ಚಿದರು, ಪ್ರೋಗ್ರಾಂ ಇರುವ ಚಿಪ್ಪು ಬದಲಾಯಿಸಿದರು, ಯಂತ್ರ ಚದುರಂಗ ಆಡಿತು. ಆಟ ಅಷ್ಟೇನೂ ಚೆನ್ನಾಗಿರಲಿಲ್ಲವಂತೆ, ಆದರೆ ಆಡಿತು. ಅದೇ ದಾರಿಯಲ್ಲಿ ಮತಗಳನ್ನು ಕದಿಯುವ ಪ್ರೋಗ್ರಾಂ ಕೂಡ ಹಾಕಿ ತೋರಿಸಿದರು. ಯಂತ್ರಗಳ ಬೀಗಕ್ಕೆಲ್ಲ ಒಂದೇ ಕೀಲಿಕೈ ಎಂಬುದೂ ಬಯಲಾಯಿತು.

ಅದಕ್ಕಿಂತ ಸೊಗಸಾದದ್ದು ಇನ್ನೊಂದು. ಎಲೆಕ್ಟ್ರಾನಿಕ್ ಪರದೆ ಕೆಲಸ ಮಾಡುವಾಗ ಸಣ್ಣ ರೇಡಿಯೋ ಸದ್ದು ಹೊರಡಿಸುತ್ತದೆ. ಅಲ್ಲಿನ ಒಂದು ದೊಡ್ಡ ಪಕ್ಷದ ಹೆಸರಿನಲ್ಲಿ ‘ಅಪ್ಪೆಲ್’ ಎಂಬ ಪದವಿದೆ. ಅದರ ಒಂದು ಅಕ್ಷರದ ತಲೆಯ ಮೇಲೆ ಪುಟ್ಟ ಗೀಟು. ಆ ಗೀಟಿನ ಅಕ್ಷರ ಬಂದಾಗ ಪರದೆ ತನ್ನ ವೇಗ ಬದಲಿಸುತ್ತಿತ್ತು, ಸದ್ದಿನ ಸ್ಥಾಯಿಯೂ ಬದಲಾಗುತ್ತಿತ್ತು. ಸಾಮಾನ್ಯ ರೇಡಿಯೋ ರಿಸೀವರ್ ಹಿಡಿದು ದೂರದಲ್ಲಿ ನಿಂತವನಿಗೆ ಒಳಗಿರುವ ಮತದಾರ ಆ ಪಕ್ಷವನ್ನು ಒತ್ತಿದನೋ ಇಲ್ಲವೋ ಕೇಳಿಸುತ್ತಿತ್ತು. ಒಂದು ಗೀಟು ಗುಪ್ತ ಮತದಾನವನ್ನು ಮುರಿಯಿತು. ಯಂತ್ರ ಮಾಡಿದವರು ದಡ್ಡರಾಗಿರಲಿಲ್ಲ. ಇಂಥದ್ದನ್ನು ಮೊದಲೇ ಊಹಿಸುವುದು ಯಾರಿಂದಲೂ ಆಗದ ಕೆಲಸ. 2008ರಲ್ಲಿ ಆ ದೇಶ ಕಾಗದಕ್ಕೆ ಮರಳಿತು. ಅದೇ ಕಂಪನಿಯ ಯಂತ್ರಗಳನ್ನು ಐರ್ಲೆಂಡ್ 5 ಕೋಟಿ ಯೂರೋಗೂ ಹೆಚ್ಚು ಖರ್ಚು ಮಾಡಿ ತರಿಸಿಕೊಂಡಿತ್ತು. 2002ರಲ್ಲಿ ಪ್ರಯೋಗವೆಂದು ಕೆಲವೆಡೆ ಬಳಸಿ, ವರ್ಷಗಟ್ಟಲೆ ಗೋದಾಮಿನಲ್ಲಿಟ್ಟು, 2012ರಲ್ಲಿ ಸುಮಾರು 70,000 ಯೂರೋಗೆ ಗುಜರಿಗೆ ಹಾಕಿತು.

ಜರ್ಮನಿಯಲ್ಲೂ 2005ರ ಚುನಾವಣೆಗೆ ಕೆಲವೆಡೆ ನೆಡಾಪ್ ಯಂತ್ರಗಳೇ. ಅಲ್ಲಿ ಒಬ್ಬ ತಂದೆ, ಒಬ್ಬ ಮಗ ಸೇರಿ ಸಂವಿಧಾನ ನ್ಯಾಯಾಲಯಕ್ಕೆ ಹೋದರು. 2009ರ ಮಾರ್ಚ್ 3ರ ತೀರ್ಪು ಓದುವಂಥದ್ದು. ಮತದಾನದ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ವಿಶೇಷ ಪರಿಣತಿಯಿಲ್ಲದ ನಾಗರಿಕನೂ ಪರಿಶೀಲಿಸಲು ಸಾಧ್ಯವಿರಬೇಕು ಎಂದು ಹೇಳಿತು ಆ ನ್ಯಾಯಾಲಯ. ನನ್ನಂಥ ಎಂಜಿನಿಯರು ಬಂದು “ನಾನು ನೋಡಿದ್ದೇನೆ, ಎಲ್ಲ ಸರಿಯಿದೆ” ಎಂದರೆ ಸಾಲದು. ಹಾಗೆ ಹೇಳುವವನನ್ನು ನೀವು ನಂಬಬೇಕಾಗಿ ಬಂತಲ್ಲ, ಅದೇ ತೊಂದರೆ. ಅಷ್ಟು ಹೇಳಿದ ನ್ಯಾಯಾಲಯ ಆ ಚುನಾವಣೆಯನ್ನು ರದ್ದು ಮಾಡಲಿಲ್ಲ, ಏಕೆಂದರೆ ಯಂತ್ರಗಳು ತಪ್ಪು ಎಣಿಸಿದವು ಎಂಬುದಕ್ಕೆ ಯಾವ ಪುರಾವೆಯೂ ಇರಲಿಲ್ಲ. ‘ಮೋಸ ಮಾಡಬಹುದು’ ಮತ್ತು ‘ಮೋಸ ನಡೆದಿದೆ’ ಎರಡೂ ಬೇರೆ ಎಂಬುದನ್ನು ಅಷ್ಟು ಸ್ವಚ್ಛವಾಗಿ ಬಿಡಿಸಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಟಿವಿ ಚರ್ಚೆಗಳಲ್ಲಿ ಒಬ್ಬರು ಮೊದಲನೆಯದನ್ನು ತೋರಿಸಿ ಎರಡನೆಯದು ಸಾಬೀತಾಯಿತು ಎನ್ನುತ್ತಾರೆ. ಇನ್ನೊಬ್ಬರು ಎರಡನೆಯದು ಸಾಬೀತಾಗಿಲ್ಲವಾದ್ದರಿಂದ ಮೊದಲನೆಯ ಮಾತೇ ಎತ್ತಬೇಡಿ ಎನ್ನುತ್ತಾರೆ.

ಹಾಗಾದರೆ ಅಳತೆಗೋಲು ಯಾವುದು? 2006ರಲ್ಲಿ ರೊನಾಲ್ಡ್ ರಿವೆಸ್ಟ್ ಮತ್ತು ಜಾನ್ ವ್ಯಾಕ್ ಒಂದು ಅಳತೆಗೋಲು ಕೊಟ್ಟರು. ಈ ರಿವೆಸ್ಟ್, ಇಂದಿಗೂ ಇಂಟರ್‌ನೆಟ್ ಭದ್ರತೆಯಲ್ಲಿ ಬಳಕೆಯಲ್ಲಿರುವ ಆರ್‌ಎಸ್‌ಎ ಗೂಢಲಿಪಿಯ ‘ಆರ್’. ತಂತ್ರಾಂಶದಲ್ಲಿ ಯಾರಿಗೂ ಕಾಣದ ತಪ್ಪು ಹೊಕ್ಕರೂ, ಅದರಿಂದ ಫಲಿತಾಂಶದಲ್ಲಿ ಯಾರಿಗೂ ಕಾಣದ ಬದಲಾವಣೆ ಆಗಕೂಡದು. ಇಷ್ಟೇ. ಯಂತ್ರ ಕೆಡಬಾರದು ಎಂದು ಅವರು ಕೇಳುತ್ತಿಲ್ಲ. ಕೆಟ್ಟರೆ ಗೊತ್ತಾಗಬೇಕು ಎನ್ನುತ್ತಿದ್ದಾರೆ.

ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. 2006ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಂದು ಸಂಸತ್ ಸ್ಥಾನಕ್ಕೆ ನಡೆದ ಚುನಾವಣೆ. ಅಂತರ 369 ಮತ. ಅದರಲ್ಲಿ ಸರಸೋಟ ಎಂಬ ಕೌಂಟಿಯ ಕಾಗದವಿಲ್ಲದ ಯಂತ್ರಗಳಲ್ಲಿ ಸುಮಾರು 18,000 ಮಂದಿ ಆ ಸ್ಥಾನಕ್ಕೆ ಯಾರಿಗೂ ಮತ ಹಾಕಿಲ್ಲ ಎಂದು ಬಂತು. ಬೇರೆ ಸ್ಥಾನಗಳಿಗೆಲ್ಲ ಹಾಕಿದವರು ಇದೊಂದನ್ನೇ ಬಿಟ್ಟರೇ? ಪರದೆಯ ವಿನ್ಯಾಸ ಗೊಂದಲಕಾರಿಯಾಗಿತ್ತು ಎಂದರು ಕೆಲವರು, ಯಂತ್ರದ ದೋಷ ಎಂದರು ಇನ್ನು ಕೆಲವರು. ತಜ್ಞರು, ನ್ಯಾಯಾಲಯ, ಸಂಸತ್ತು, ಎಲ್ಲ ಕಡೆ ಹೋಯಿತು. ಮತದಾರರ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವ ವಸ್ತು ಯಾವುದೂ ಉಳಿದಿರಲಿಲ್ಲ. ಈಗ 2019ಕ್ಕೆ ಬನ್ನಿ. ಪೆನ್ಸಿಲ್ವೇನಿಯಾದ ನಾರ್ಥ್‌ಹ್ಯಾಂಪ್ಟನ್ ಕೌಂಟಿ. ಸುಮಾರು 55,000 ಮತಗಳಲ್ಲಿ ನ್ಯಾಯಾಧೀಶ ಸ್ಥಾನದ ಅಭ್ಯರ್ಥಿಗೆ ಬಂದದ್ದು 164 ಎಂದಿತು ಯಂತ್ರ. ಯಂತ್ರದೊಳಗೆ ಮುದ್ರಿತ ಕಾಗದಗಳಿದ್ದವು, ರಾತ್ರಿ ಕೂತು ಅವನ್ನು ಎಣಿಸಿದರು. ಆತ ಸುಮಾರು ಸಾವಿರ ಮತಗಳಿಂದ ಗೆದ್ದಿದ್ದ. ಯಂತ್ರದ ತಪ್ಪು ಸರಸೋಟಕ್ಕಿಂತ ಇಲ್ಲೇ ಕಣ್ಣಿಗೆ ರಾಚುವಷ್ಟು ದೊಡ್ಡದು. ಆದರೂ ಬೆಳಗಾಗುವಷ್ಟರಲ್ಲಿ ಉತ್ತರ ಸಿಕ್ಕಿತ್ತು.

ಭಾರತದ ಯಂತ್ರದ ವಿಷಯಕ್ಕೆ ಬರುತ್ತೇನೆ, ಅದಕ್ಕೇ ಕಾದಿದ್ದೀರಿ ಎಂದು ಗೊತ್ತು. ಇದು ಮೊದಲು ಬಳಕೆಯಾದದ್ದು 1982ರಲ್ಲಿ ಕೇರಳದ ಪರವೂರಿನಲ್ಲಿ. ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಆ ಚುನಾವಣೆಯನ್ನು ತಳ್ಳಿಹಾಕಿತು. ಆಮೇಲೆ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆ ಪೂರ್ತಿ ಯಂತ್ರದಲ್ಲೇ ನಡೆಯಿತು. ಸರಳ ಯಂತ್ರ, ಯಾವ ನೆಟ್‌ವರ್ಕಿಗೂ ಸೇರಿಸಿಲ್ಲ. ಸುತ್ತ ಮನುಷ್ಯರ ಕಾವಲು ಗಟ್ಟಿಯಾಗಿದೆ. ಮತದಾನಕ್ಕೆ ಮುನ್ನ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ. ಸಂಜೆ ಒಟ್ಟು ಎಷ್ಟು ಮತ ಬಿತ್ತು ಎಂಬುದನ್ನು 17ಸಿ ನಮೂನೆಯಲ್ಲಿ ಬರೆದು ಏಜೆಂಟರ ಕೈಗೆ ಕೊಡುವುದು. ಮೊಹರು, ಸ್ಟ್ರಾಂಗ್ ರೂಂ. ಈ 17ಸಿಯನ್ನು ನಾನು ಯಂತ್ರಕ್ಕಿಂತ ಹೆಚ್ಚು ಗೌರವಿಸುತ್ತೇನೆ. ಅಣಕು ಮತಗಳನ್ನು ಅಳಿಸದೆ ಮತದಾನ ಶುರು ಮಾಡಿಬಿಟ್ಟ ಅಧಿಕಾರಿಗಳೂ ಇದ್ದಾರೆ. ಅದೂ ಬಯಲಾಗುವುದು ಇಂಥ ಕಾಗದಗಳಿಂದಲೇ.

ಅಣಕು ಮತದಾನದಲ್ಲಿ ಯಂತ್ರ ಸರಿಯಾಗಿ ನಡೆದುಕೊಂಡಿತಲ್ಲ, ಇನ್ನೇನು ಎಂದು ಕೇಳಬೇಡಿ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳ ವಿಷಯ ಏನಾಯಿತು ನೆನಪಿರಬಹುದು. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಕಾರಿನ ತಂತ್ರಾಂಶ ಗುರುತಿಸುತ್ತಿತ್ತು. ಪರೀಕ್ಷೆಯಲ್ಲಿ ಸಾಧು, ರಸ್ತೆಯಲ್ಲಿ ಬೇರೆ. ಭಾರತದ ಯಂತ್ರಕ್ಕೆ ಒಂದು ಒಳ್ಳೆಯ ರಕ್ಷಣೆಯಿತ್ತು: ತಯಾರಾಗುವಾಗ ಯಾವ ಗುಂಡಿಯ ಮುಂದೆ ಯಾರು ಬರುತ್ತಾರೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ. ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಂದ ಮೇಲೆ ಅಭ್ಯರ್ಥಿಗಳ ಚಿಹ್ನೆಗಳನ್ನು ಚುನಾವಣೆಗೆ ಕೆಲವು ದಿನ ಮುಂಚೆ ಹೊರಗಿನಿಂದ ತುಂಬಬೇಕಾಯಿತು. ಆ ತುಂಬುವ ಸಾಧನವನ್ನು ಮೊಹರು ಮಾಡಿ 45 ದಿನ ಇಡಬೇಕು ಎಂದು 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೇ.

ಆದರೂ ವಿವಿಪ್ಯಾಟ್ ಬಂದದ್ದು ದೊಡ್ಡ ಲಾಭ. ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಚೀಟಿಯ ಮಾತೇ ನಡೆಯಬೇಕು ಎಂದು ನಿಯಮ. ಆದರೆ ಎಷ್ಟು ಚೀಟಿಗಳನ್ನು ಎಣಿಸುತ್ತೇವೆ? 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಗೆ ಐದು ಮತಗಟ್ಟೆ. ಲೆಕ್ಕ ಹಾಕೋಣ. ಒಂದು ಕ್ಷೇತ್ರದಲ್ಲಿ 250 ಮತಗಟ್ಟೆಗಳಿವೆ, ಐದರಲ್ಲಿ ಎಡವಟ್ಟಾಗಿದೆ ಎಂದುಕೊಳ್ಳಿ. ಲಾಟರಿ ಎತ್ತಿ ಐದು ಮತಗಟ್ಟೆಗಳನ್ನು ಆರಿಸಿದರೆ ಕೆಟ್ಟದ್ದು ಒಂದಾದರೂ ಕೈಗೆ ಸಿಗುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಇಪ್ಪತ್ತೈದು ಕೆಟ್ಟಿದ್ದರೂ ನೂರಕ್ಕೆ ನಲವತ್ತೊಂದು. ದೇಶಾದ್ಯಂತ ಒಂದೇ ಬಗೆಯ ಮೋಸ ನಡೆದರೆ ಸಾವಿರಾರು ಮತಗಟ್ಟೆಗಳ ಮಾದರಿಯಲ್ಲಿ ಅದು ಖಂಡಿತ ಸಿಕ್ಕಿಬೀಳುತ್ತದೆ, ಆ ಮಟ್ಟಿಗೆ ಚುನಾವಣಾ ಆಯೋಗದ ವಾದ ಸರಿ. ಆದರೆ ಅಭ್ಯರ್ಥಿ ಸೋಲುವುದು ದೇಶದಲ್ಲಲ್ಲ, ಒಂದು ಕ್ಷೇತ್ರದಲ್ಲಿ. 300 ಮತಗಳಿಂದ ಸೋತವನಿಗೂ ಒಂದು ಲಕ್ಷದಿಂದ ಸೋತವನಿಗೂ ಅದೇ ಐದು ಪೆಟ್ಟಿಗೆ ತೋರಿಸುತ್ತೇವೆ.

ಅಂಕಿಅಂಶ ಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ 2008ರ ಸುಮಾರಿಗೆ ಇದಕ್ಕೊಂದು ದಾರಿ ರೂಪಿಸಿದರು. ಅಂತರ ದೊಡ್ಡದಿದ್ದರೆ ಕೆಲವೇ ನೂರು ಮತಪತ್ರ ನೋಡಿದರೆ ಸಾಕು. ಅಂತರ ಕಿರಿದಾದಷ್ಟೂ ಹೆಚ್ಚು ನೋಡುತ್ತ ಹೋಗಬೇಕು. ತೀರಾ ಕಿರಿದಾದರೆ ಎಲ್ಲವನ್ನೂ. ಅಮೆರಿಕದ ಕೊಲರಾಡೊ ರಾಜ್ಯ 2017ರಿಂದ ಹೀಗೆ ಮಾಡುತ್ತಿದೆ. ಯಾವ ಮತಪತ್ರಗಳನ್ನು ಎತ್ತಬೇಕು ಎಂಬುದನ್ನೂ ಕಂಪ್ಯೂಟರಿನ ಇಷ್ಟಕ್ಕೆ ಬಿಡುವಂತಿಲ್ಲವಲ್ಲ? ಅಲ್ಲಿ ಸಾರ್ವಜನಿಕರ ಎದುರು ಮೇಜಿನ ಮೇಲೆ ಹತ್ತು ಮುಖದ ದಾಳಗಳನ್ನು ಉರುಳಿಸುತ್ತಾರೆ. ಇಪ್ಪತ್ತು ಅಂಕಿಗಳು ಬರುವವರೆಗೆ. ಆ ಇಪ್ಪತ್ತು ಅಂಕಿಗಳಿಂದಲೇ ಎಲ್ಲ ಆಯ್ಕೆ. ದಾಳ ಉರುಳುವುದನ್ನು ನೋಡಲು ಪರಿಣತಿ ಬೇಡ.

ಇದೆಲ್ಲ ಮತದಾರ ತನ್ನ ಚೀಟಿಯನ್ನು ನೋಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದೆ. 2020ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಅಣಕು ಚುನಾವಣೆ ನಡೆಸಿ, ಮುದ್ರಿತ ಮತಪತ್ರದಲ್ಲಿ ಬೇಕೆಂದೇ ಒಂದೊಂದು ಆಯ್ಕೆ ಬದಲಿಸಿದರು. ತಾವಾಗಿ ಗಮನಿಸಿ ಸಿಬ್ಬಂದಿಗೆ ಹೇಳಿದವರು ನೂರಕ್ಕೆ ಏಳಕ್ಕಿಂತ ಕಡಿಮೆ. ಅಲ್ಲಿದ್ದವರು ಕಾಗದವನ್ನು ಕೈಯಲ್ಲೇ ಹಿಡಿದಿದ್ದರು, ಇಲ್ಲಿ ಗಾಜಿನ ಹಿಂದಿನ ಏಳು ಸೆಕೆಂಡು. ನೋಡಿ ದೂರು ಕೊಡುತ್ತೇನೆ ಎಂದರೆ ಮೊದಲು ಲಿಖಿತ ಘೋಷಣೆ ಕೊಡಬೇಕು, ಬಳಿಕ ಎಲ್ಲರೆದುರು ಪರೀಕ್ಷಾ ಮತ. ಅದರಲ್ಲಿ ಚೀಟಿ ಸರಿಯಾಗಿ ಬಂದರೆ ದೂರು ಸುಳ್ಳು, ಶಿಕ್ಷೆಗೆ ಗುರಿಯಾಗಬಹುದು. ಸ್ಕಾರ್‌ಬೇಕ್‌ನ ಬಿಟ್ ನೆನಪಿಸಿಕೊಳ್ಳಿ. ಅದು ಮಗುಚಿದ್ದು ಒಂದೇ ಸಲ. ಅದಕ್ಕೆ ಪರೀಕ್ಷಾ ಮತ ಹಾಕಿಸಿದ್ದರೆ ಎಣಿಕೆಯವರೇ ಸುಳ್ಳರಾಗುತ್ತಿದ್ದರು!

ನಂಬಿಕೆಯ ಪ್ರಶ್ನೆ ಇರುವುದು ಅನುಮಾನ ಎತ್ತಿದವರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲಿ, ಯಂತ್ರದೊಳಗಿಗಿಂತ ಹೆಚ್ಚಾಗಿ. 2010ರಲ್ಲಿ ಮೂವರು ಸಂಶೋಧಕರ ನೇತೃತ್ವದಲ್ಲಿ ಭಾರತದ ಒಂದು ಮತಯಂತ್ರವನ್ನು ಬಿಚ್ಚಿ, ಕೈಗೆ ಸಿಕ್ಕರೆ ಅದರ ಪರದೆಯನ್ನೂ ಮೆಮೊರಿಯನ್ನೂ ಹೇಗೆ ತಿರುಚಬಹುದು ಎಂದು ತೋರಿಸಲಾಯಿತು. ಯಂತ್ರ ಎಲ್ಲಿಂದ ಬಂತು ಹೇಳಿ ಎಂದು ಅವರಲ್ಲೊಬ್ಬರನ್ನು ಬಂಧಿಸಲಾಯಿತು. 2019ರಲ್ಲಿ ಸ್ವಿಟ್ಜರ್ಲೆಂಡ್ ತನ್ನ ಇ-ಮತದಾನದ ತಂತ್ರಾಂಶವನ್ನು ಪರಿಶೀಲನೆಗೆ ತೆರೆದಿಟ್ಟು, ಒಳನುಗ್ಗಿ ತೋರಿಸಿದವರಿಗೆ ಬಹುಮಾನ ಎಂದಿತು. ಮತಗಳನ್ನು ಬದಲಿಸಿಯೂ ಸರಿಯಿದೆ ಎಂಬ ಪುರಾವೆ ಸೃಷ್ಟಿಸಬಲ್ಲ ಗಂಭೀರ ದೋಷವೊಂದನ್ನು ಸಂಶೋಧಕರು ಕಂಡುಹಿಡಿದರು. ವ್ಯವಸ್ಥೆಯನ್ನು ನಿಲ್ಲಿಸಿ, ಹೊಸದಾಗಿ ಕಟ್ಟಿ, 2023ರಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು.

ಹಾಗೆಂದು ಕಾಗದ ತೋರಿಸಿದರೆ ಎಲ್ಲರೂ ನಂಬುತ್ತಾರೆ ಎಂಬ ಭ್ರಮೆ ನನಗಿಲ್ಲ. 2020ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಅಧ್ಯಕ್ಷ ಸ್ಥಾನದ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಎಣಿಸಿದರು. ಗೆದ್ದವರು ಬದಲಾಗಲಿಲ್ಲ, ನಂಬದವರೂ ಬದಲಾಗಲಿಲ್ಲ. ಮತಯಂತ್ರ ಕಂಪನಿಯ ಮೇಲೆ ಸುಳ್ಳು ಆರೋಪಗಳನ್ನು ಬಿತ್ತರಿಸಿದ್ದಕ್ಕಾಗಿ ಫಾಕ್ಸ್ ವಾಹಿನಿ 2023ರಲ್ಲಿ 78.75 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಆದರೆ ಆ ಎಣಿಕೆ ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ನ್ಯಾಯಾಲಯಗಳಲ್ಲಿ, ಸೋತ ಪಕ್ಷದ್ದೇ ಅಧಿಕಾರಿಗಳ ಬಾಯಲ್ಲಿ, ಅದೇ ಆಧಾರವಾಗಿ ನಿಂತಿತು.

ಸಭೆಯಿಂದ ಎರಡು ಚೀಟಿ ಬಂದಿವೆ. ಬ್ಲಾಕ್‌ಚೈನ್ ಬಂದರೆ ಇದೆಲ್ಲ ಬಗೆಹರಿಯುವುದಿಲ್ಲವೇ ಎಂದು ಒಂದು. ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇಡುವ ಲೆಕ್ಕದ ಪುಸ್ತಕ. ಬರೆದದ್ದನ್ನು ಅಳಿಸಲು ಅದು ಬಿಡುವುದಿಲ್ಲ, ನಿಜ. ನೀವು ಒತ್ತಿದ್ದೇ ಬರೆಯಲ್ಪಟ್ಟಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ನಮ್ಮ ತೊಂದರೆ ಇರುವುದೆಲ್ಲ ಬೆರಳಿಗೂ ದಾಖಲೆಗೂ ನಡುವಿನ ಆ ಅರ್ಧ ಸೆಕೆಂಡಿನಲ್ಲಿ. ಇನ್ನೊಂದು ಚೀಟಿ, ನೀವು ಮತಯಂತ್ರದ ಪರವೋ ವಿರುದ್ಧವೋ ಎಂದು. ಎಣಿಸುವುದಕ್ಕೆ ಯಂತ್ರ ಇರಲಿ. ಬೇಗ ಎಣಿಸುತ್ತದೆ, ನಿದ್ದೆಗೆಡುವುದಿಲ್ಲ. ಐದು ಎಂಬ ಸಂಖ್ಯೆಯನ್ನು ತೆಗೆದು, ಅಂತರ ನೋಡಿ ಎಷ್ಟು ಪೆಟ್ಟಿಗೆ ತೆರೆಯಬೇಕೆಂದು ನಿರ್ಧರಿಸುವ ನಿಯಮ ತನ್ನಿ. ಪೆಟ್ಟಿಗೆಗಳನ್ನು ಆರಿಸುವಾಗ ದಾಳವನ್ನು ಸೋತವನ ಏಜೆಂಟನ ಕೈಗೆ ಕೊಡಿ.